ಕೆರೆ–ಕಟ್ಟೆಗಳ ಮಣ್ಣಿನ ಏರಿ: ಕಾಮಗಾರಿ ನಡೆಯುವಾಗ ಸದಸ್ಯರು ಗಮನಿಸಬೇಕಾದ ಸಂಗತಿಗಳು

ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗೆ

ಮುಂಗಾರಿಗೆ ಮುನ್ನ ಕೈಗೆತ್ತಿಕೊಳ್ಳುವ ಕಾಮಗಾರಿಗಳಲ್ಲಿ ಗೋಕಟ್ಟೆ, ಕುಂಟೆ, ಊರ ಕೆರೆಗಳ ಏರಿಯ ಕೆಲಸವು ಬಹುತೇಕ ಪ್ರತಿವರ್ಷವೂ ಇರುತ್ತದೆ. ಏರಿಯು ನೋಡುವುದಕ್ಕೆ ಸರಳವಾದ ರಚನೆ. ಮಣ್ಣನ್ನು ಅಗೆದು, ಹೊತ್ತು, ಒಂದೆಡೆ ರಾಶಿ ಹಾಕಿದಂತೆ ಕಾಣುತ್ತದೆ. ಆದುದರಿಂದಲೇ ರಸ್ತೆ, ಚರಂಡಿ, ಕಟ್ಟಡಗಳ ವಿಷಯದಲ್ಲಿ ಸದಸ್ಯರು ಸಭೆಯಲ್ಲಿ ಕೇಳುವ ಪ್ರಶ್ನೆಗಳನ್ನು ಏರಿಯ ವಿಷಯದಲ್ಲಿ ಕೇಳುವುದು ಅಪರೂಪ. ಆದರೆ ರಸ್ತೆ ಕೆಟ್ಟರೆ ಗುಂಡಿ ಬೀಳುತ್ತದೆ. ಏರಿ ಕೆಟ್ಟರೆ ಒಂದೇ ರಾತ್ರಿಯಲ್ಲಿ ಕೆಳಗಿನ ಗದ್ದೆ, ತೋಟ, ಕೊಟ್ಟಿಗೆಗಳು, ಕೆಲವೊಮ್ಮೆ ಮನೆಗಳೂ ಕೊಚ್ಚಿಹೋಗುತ್ತವೆ.

ಏರಿಯ ಕಾಮಗಾರಿಗೆ ಒಂದು ವಿಶೇಷ ತೊಡಕಿದೆ. ಅಳತೆ ಪುಸ್ತಕದಲ್ಲಿ ದಾಖಲಾಗುವುದು ಉದ್ದ, ಅಗಲ, ಎತ್ತರ ಮತ್ತು ಅವುಗಳಿಂದ ಲೆಕ್ಕ ಹಾಕಿದ ಘನ ಮೀಟರುಗಳು. ಏರಿಯ ಆಯುಷ್ಯವನ್ನು ನಿರ್ಧರಿಸುವುದಾದರೋ ಅದರ ಬುಡದಲ್ಲಿ ತೋಡಿದ ಕಂದಕ, ಪದರ ಪದರವಾಗಿ ಹಾಸಿದ ಮಣ್ಣಿನ ತೇವ ಮತ್ತು ಆ ಮಣ್ಣಿನ ಗಟ್ಟಿತನ. ಈ ಮೂರೂ ಕೆಲಸ ಮುಗಿಯುವ ವೇಳೆಗೆ ಮಣ್ಣಿನಡಿ ಮುಚ್ಚಿಹೋಗಿರುತ್ತವೆ. ಅನಂತರ ಎಷ್ಟೇ ಅನುಭವಿಗಳಾದ ಅಭಿಯಂತರರು ಬಂದರೂ ಮೇಲಿನಿಂದ ನೋಡಿ ಒಳಗಿರುವುದನ್ನು ಹೇಳಲಾರರು. ಸದಸ್ಯರು ಉದ್ಘಾಟನೆಯ ದಿನ ಏರಿಯ ಮೇಲೆ ನಿಲ್ಲುವುದಕ್ಕಿಂತ ಕಂದಕವು ತೆರೆದಿರುವ ದಿನ ಅದರ ಅಂಚಿನಲ್ಲಿ ನಿಲ್ಲುವುದು ಹೆಚ್ಚು ಪ್ರಯೋಜನಕರ.

ಅಚ್ಚುಕಟ್ಟು 40 ಹೆಕ್ಟೇರಿನವರೆಗಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೆ ಬರುವುದರಿಂದ ಈ ಹೊಣೆ ನಮ್ಮದೇ ಆಗಿದೆ. ವಿನ್ಯಾಸ ಮತ್ತು ತಾಂತ್ರಿಕ ಮಂಜೂರಾತಿಗಳು ಅಭಿಯಂತರರ ಕೆಲಸ. ಇಲ್ಲಿ ಕೊಟ್ಟಿರುವ ಅಳತೆಗಳು ಸುಮಾರು 5 ಮೀಟರಿಗಿಂತ ಕಡಿಮೆ ಎತ್ತರದ ಸಣ್ಣ ಏರಿಗಳಿಗೆ ಅನ್ವಯಿಸುವಂಥವು. ಅವು ಸದಸ್ಯರು ಸರಿಯಾದ ಪ್ರಶ್ನೆ ಕೇಳಲು ನೆರವಾಗಲೆಂದು ಕೊಟ್ಟವೇ ಹೊರತು ವಿನ್ಯಾಸಕ್ಕೆ ಬದಲಿಯಲ್ಲ.

ನೀರು ಏರಿಯನ್ನು ಒಡೆಯುವ ಬಗೆ

ನಿಂತ ನೀರು ತನ್ನ ಭಾರದಿಂದ ಏರಿಯನ್ನು ತಳ್ಳಿ ಬೀಳಿಸುವುದು ಬಹಳ ವಿರಳ. ಸಣ್ಣ ಏರಿಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಒಡೆಯುತ್ತವೆ: ನೀರು ತಲೆಯ ಮೇಲಿಂದ ಹರಿದು ಹೊರಮೈಯನ್ನು ಕೊರೆಯುತ್ತದೆ, ಬುಡದ ಅಡಿಯಿಂದ ನುಸುಳಿ ಆಚೆ ಏಳುತ್ತದೆ, ಅಥವಾ ಏರಿಯ ಒಡಲೊಳಗೇ ಒಂದು ಸಣ್ಣ ರಂಧ್ರವನ್ನು ಹಿಡಿದು, ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತ ಅದನ್ನು ಸುರಂಗ ಮಾಡಿಕೊಳ್ಳುತ್ತದೆ. ಕಲ್ಲಿನ ಕಟ್ಟಡದ ಮೇಲೆ ನೀರು ಹರಿದರೆ ಕಟ್ಟಡ ಉಳಿಯಬಹುದು, ಮಣ್ಣಿನ ಏರಿಯ ಮೇಲೆ ಹರಿದರೆ ಅದು ಕೆಲವು ಗಂಟೆಗಳಲ್ಲಿ ಕರಗುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲ್ಭಾಗದಲ್ಲಿದ್ದ ಮಚ್ಛು–2 ಅಣೆಕಟ್ಟೆಯಲ್ಲಿ ಆದದ್ದು ಇದೇ. ಕೋಡಿಯ ಸಾಮರ್ಥ್ಯವನ್ನು ಮೀರಿ ಬಂದ ಪ್ರವಾಹವು ಇಕ್ಕೆಲಗಳ ಮಣ್ಣಿನ ಏರಿಗಳ ಮೇಲೆ ಹರಿದು ಅವುಗಳನ್ನು ಕೊಚ್ಚಿಕೊಂಡು ಹೋಯಿತು; ನಡುವಿನ ಕಲ್ಲುಕಟ್ಟಡ ನಿಂತೇ ಇತ್ತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಮ್ಮ ಗೋಕಟ್ಟೆಗಳಿಗೂ ಅದಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲ, ಆದರೆ ಮಣ್ಣು ಎರಡರಲ್ಲಿಯೂ ಒಂದೇ ರೀತಿ ವರ್ತಿಸುತ್ತದೆ.

ಈ ತಿಳಿವಳಿಕೆ ಹೊಸದೇನಲ್ಲ. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಇಂದಿನ ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗಿರಬಾರದ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ಏರಿಯಲ್ಲಿ ನೀರು ಜಿನುಗುವುದು ಆ ದೋಷಗಳಲ್ಲೊಂದು. ಚೌಳು ಮಣ್ಣು ಮತ್ತೊಂದು. ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಶಾಸನವು ದೋಷವೆಂದೇ ಎಣಿಸಿದೆ. ಎರಡು ಗ್ರಾಮ ಪಂಚಾಯತಿಗಳ ಗಡಿಯಲ್ಲಿರುವ ಕೆರೆಯ ದುರಸ್ತಿಗೆ ಯಾರ ಕ್ರಿಯಾ ಯೋಜನೆಯಲ್ಲಿ ಹಣವಿಡಬೇಕೆಂದು ಚರ್ಚಿಸಿದ ಅನುಭವವಿರುವ ಸದಸ್ಯರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ತಡೆಗಂದಕ

ಏರಿಯನ್ನು ನೆಲದ ಮೇಲೆ ಕೂರಿಸಬಾರದು, ನೆಲದೊಳಕ್ಕೆ ನಾಟಬೇಕು. ಮೊದಲು ಏರಿ ಬರುವ ಅಷ್ಟೂ ಅಗಲದಲ್ಲಿ ಗಿಡಗಂಟಿ, ಬೇರು, ಹುಲ್ಲು, ಕೊಳೆತ ಎಲೆ ಬೆರೆತ ಮೇಲ್ಮಣ್ಣನ್ನು ಕೆರೆದು ತೆಗೆಯಬೇಕು. ಸಾಮಾನ್ಯವಾಗಿ 15ರಿಂದ 30 ಸೆಂ.ಮೀ. ಆಳ. ಈ ಮೇಲ್ಮಣ್ಣನ್ನು ಎಸೆಯದೆ ಒಂದೆಡೆ ಕೂಡಿಟ್ಟರೆ ಕೊನೆಯಲ್ಲಿ ಏರಿಯ ಹೊರಮೈ ಮೇಲೆ ಹರಡಿ ಹುಲ್ಲು ಬೆಳೆಸಲು ಬರುತ್ತದೆ. ಬಳಿಕ ಏರಿಯ ಉದ್ದಕ್ಕೂ, ಅದರ ನಡುಭಾಗದ ಅಡಿಯಲ್ಲಿ ಒಂದು ಕಂದಕವನ್ನು ತೋಡಲಾಗುತ್ತದೆ. ಅಂದಾಜು ಪಟ್ಟಿಯಲ್ಲಿ ಇದನ್ನು ಕಟ್‌ಆಫ್ ಟ್ರೆಂಚ್ ಎಂದೋ ಸಿ.ಓ.ಟಿ. ಎಂದೋ ಬರೆದಿರುತ್ತಾರೆ. ಮರಳು, ಗರಸು, ಸಡಿಲ ಮಣ್ಣಿನ ಪದರಗಳನ್ನು ದಾಟಿ ನೀರು ಬಿಡದ ಗಟ್ಟಿ ಜೇಡಿ ಅಥವಾ ಬಂಡೆ ಸಿಗುವವರೆಗೆ ಇದು ಇಳಿಯಬೇಕು, ಸಿಕ್ಕ ಪದರದೊಳಕ್ಕೂ ಒಂದಿಷ್ಟು ಕಚ್ಚಬೇಕು. ಅನಂತರ ಅದನ್ನು ಒಳ್ಳೆಯ ಜೇಡಿಮಣ್ಣಿನಿಂದ ತುಂಬಿ, ದಮ್ಮಸು ಮಾಡುತ್ತ ಮೇಲಕ್ಕೆ ತಂದು ಏರಿಯ ಒಡಲಿನೊಂದಿಗೆ ಬೆಸೆಯಬೇಕು.

ಆತುರದಲ್ಲಿ ಮೊದಲು ಬಿಟ್ಟುಹೋಗುವ ಕೆಲಸ ಇದೇ. ಕಂದಕವನ್ನು ತೋಡಿಯೂ ಗಟ್ಟಿ ಪದರ ಮುಟ್ಟುವ ಮುನ್ನವೇ ನಿಲ್ಲಿಸುವುದುಂಟು. ಅಂದಾಜಿನಲ್ಲಿ ಒಂದು ಮೀಟರ್ ಎಂದಿದ್ದರೆ ಒಂದು ಮೀಟರಿಗೆ ಕೆಲಸ ನಿಂತಿರುತ್ತದೆ. ನೆಲದ ಒಳಗಿನ ಪದರಗಳು ಅಂದಾಜು ಪಟ್ಟಿಯನ್ನು ಓದಿ ಜೋಡಿಸಿಕೊಂಡಿರುವುದಿಲ್ಲ. ಹಳ್ಳದ ಮಧ್ಯದಲ್ಲಿ ಹಳೆಯ ಮರಳಿನ ಹಾಸು ಹೆಚ್ಚು ಆಳಕ್ಕೆ ಇರುತ್ತದೆ, ಅಂಚುಗಳಲ್ಲಿ ಕಡಿಮೆ. ಆದುದರಿಂದ ಕಂದಕ ತೆರೆದ ದಿನ ಸದಸ್ಯರು ತಳಕ್ಕೆ ಇಳಿದು ನೋಡಬೇಕು. ತಳದ ಮಣ್ಣನ್ನು ಕೈಯಲ್ಲಿ ಹಿಡಿದರೆ ಮರಳಿನಂತೆ ಉದುರುತ್ತಿದ್ದರೆ, ಅಥವಾ ಗೋಡೆಯಲ್ಲಿ ನೀರು ಒಸರುವ ಮರಳು ಗೆರೆ ಕಂಡರೆ, ಇನ್ನೂ ಆಳಕ್ಕೆ ಹೋಗಬೇಕೆಂದು ಕಿರಿಯ ಅಭಿಯಂತರರನ್ನು ಕೇಳಬೇಕು. ಹೆಚ್ಚುವರಿ ಪ್ರಮಾಣಕ್ಕೆ ಪರಿಷ್ಕೃತ ಅಂದಾಜು ಬೇಕಾದರೆ ಆಗಲೇ ಆಗಬೇಕು. ಮುಚ್ಚುವ ಮುನ್ನ ಅಳತೆಕೋಲನ್ನು ನಿಲ್ಲಿಸಿ, ಕನಿಷ್ಠ ಮೂರು ಕಡೆ, ಹಳ್ಳದ ನಡುಭಾಗವೂ ಸೇರಿದಂತೆ, ಛಾಯಾಚಿತ್ರ ತೆಗೆಸಿ ಕಡತದಲ್ಲಿ ಇರಿಸುವುದು ಒಳ್ಳೆಯದು.

ಮಣ್ಣಿನ ಆಯ್ಕೆ

ಜೇಡಿ, ಮರಳು, ಗರಸು ಹದವಾಗಿ ಬೆರೆತ ಮಣ್ಣು ಏರಿಗೆ ಉತ್ತಮ. ಜೇಡಿಯು ನೀರನ್ನು ತಡೆಯುತ್ತದೆ, ಮರಳು–ಗರಸು ಆಕಾರವನ್ನು ಹಿಡಿದಿಡುತ್ತದೆ. ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವುದು ಸರಿಯಾದ ಕ್ರಮ. ಅದರ ಜೊತೆಗೆ ಸ್ಥಳದಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿವೆ. ಹದವಾಗಿ ನೆನೆಸಿದ ಮಣ್ಣನ್ನು ಅಂಗೈಗಳ ನಡುವೆ ಹೊಸೆದು ಪೆನ್ಸಿಲಿನಷ್ಟು ದಪ್ಪದ ಬತ್ತಿ ಮಾಡಿದಾಗ ಮುರಿಯದೆ ನಿಂತರೆ ಅದರಲ್ಲಿ ಸಾಕಷ್ಟು ಜೇಡಿಯಿದೆ. ಇನ್ನೊಂದು ಪರೀಕ್ಷೆ ಹೆಚ್ಚು ಮುಖ್ಯವಾದುದು, ಆದರೆ ಮಾಡುವವರು ಕಡಿಮೆ: ಗೋಲಿಗಿಂತ ಚಿಕ್ಕದಾದ ಮಣ್ಣಿನ ಉಂಡೆಯೊಂದನ್ನು ತಿಳಿ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರಿರುವ ಗಾಜಿನ ಲೋಟದಲ್ಲಿ ಮೆಲ್ಲನೆ ಬಿಟ್ಟು, ಅಲುಗಾಡಿಸದೆ ಐದು–ಹತ್ತು ನಿಮಿಷ ಕಾಯಬೇಕು. ಉಂಡೆಯು ಕುಸಿದು ತಳದಲ್ಲಿ ಹರಡಿದರೆ ಚಿಂತೆಯಿಲ್ಲ. ಅದರ ಸುತ್ತ ಹಾಲು ಕದಡಿದಂಥ ಮಬ್ಬು ಏಳತೊಡಗಿ ನೀರೆಲ್ಲ ರಾಡಿಯಾದರೆ ಆ ಮಣ್ಣು ನೀರಿನಲ್ಲಿ ತಾನಾಗಿಯೇ ಚದುರುವ ಜಾತಿಯದು. ಸೋಡಿಯಂ ಹೆಚ್ಚಿರುವ ಚೌಳು ಮಣ್ಣು ಹೀಗೆ ವರ್ತಿಸುತ್ತದೆ. ನೋಡುವುದಕ್ಕೆ ಅಂಟಾದ ಒಳ್ಳೆಯ ಜೇಡಿಯಂತಿದ್ದರೂ ಏರಿಯೊಳಗೆ ಬಿರುಕೊಂದು ಬಿದ್ದರೆ ಅದು ಹರಿಯುವ ನೀರಿನೊಂದಿಗೆ ಹೊರಟುಹೋಗುತ್ತದೆ. ಅಂಥ ಮಣ್ಣನ್ನು ಅಭಿಯಂತರರ ಸಲಹೆಯಿಲ್ಲದೆ ಬಳಸಲೇಬಾರದು.

ಎರೆಮಣ್ಣಿನ ಪ್ರದೇಶಗಳಲ್ಲಿ ಸಮಸ್ಯೆ ಬೇರೆ. ಎರೆಯು ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಒಣಗಿದಾಗ ಕೈ ಹಿಡಿಸುವಷ್ಟು ಅಗಲವಾಗಿ ಬಿರಿಯುತ್ತದೆ. ಬರಿದಾದ ಕೆರೆಯ ಏರಿ ಪೂರ್ತಿ ಎರೆಯದೇ ಆಗಿದ್ದರೆ, ಮೊದಲ ಜೋರು ಮಳೆಯ ನೀರು ಆ ಬಿರುಕುಗಳಲ್ಲಿಯೇ ಹಾದಿ ಮಾಡಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದರೆ ಎರೆಯನ್ನು ಏರಿಯ ಗರ್ಭದಲ್ಲಿಟ್ಟು, ಒಳಮೈ, ಹೊರಮೈ ಮತ್ತು ತಲೆಯ ಮೇಲೆ ಕೆಂಪು ಗರಸು ಮಣ್ಣಿನ ಹೊದಿಕೆ ಕೊಡುವುದು. ಇನ್ನು ಕೆರೆಯ ಹೂಳು ತೆಗೆದು ಅದನ್ನೇ ಏರಿಗೆ ಹಾಕುವ ರೂಢಿಯಿದೆ. ಕೊಳೆತ ಸಸ್ಯಾಂಶ ತುಂಬಿದ ಗೋಡು ಹೊಲಕ್ಕೆ ಚಿನ್ನ, ಏರಿಗೆ ಯೋಗ್ಯವಲ್ಲ.

ಮಣ್ಣನ್ನು ಕೆರೆಯ ಅಂಗಳದಿಂದ ತೆಗೆಯುವಾಗ ಏರಿಯ ಪಾದಕ್ಕೆ ಹತ್ತಿಕೊಂಡು ಅಗೆಯಬಾರದು. ಕನಿಷ್ಠ 10 ಮೀಟರ್ ದೂರವಿರಲಿ. ಪಾದದ ಬಳಿಯ ಗುಂಡಿಯು ಸಹಜ ಜೇಡಿ ಹಾಸನ್ನು ಕತ್ತರಿಸಿ, ನೀರಿಗೆ ಏರಿಯ ಅಡಿಗೆ ಹೋಗುವ ಬಾಗಿಲನ್ನು ತೆರೆಯುತ್ತದೆ.

ತೇವ ಮತ್ತು ದಮ್ಮಸು

ಲಾರಿಯಿಂದ ಸುರಿದ ಒಣಮಣ್ಣು ಎಷ್ಟೇ ಎತ್ತರವಾದರೂ ಏರಿಯಾಗುವುದಿಲ್ಲ. ಒಣ ಹೆಂಟೆಗಳು ಕಲ್ಲುಗಳಂತೆ ಒಂದರ ಮೇಲೊಂದು ಕುಳಿತು ನಡುವೆ ಗಾಳಿ ತುಂಬಿದ ಸಂದುಗಳನ್ನು ಬಿಡುತ್ತವೆ. ಕೆರೆ ಮೊದಲ ಸಲ ತುಂಬಿದಾಗ ಆ ಹೆಂಟೆಗಳು ನೆನೆದು ಮೆತ್ತಗಾಗಿ ಒಳಗೊಳಗೇ ಕುಸಿಯುತ್ತವೆ. ಮಣ್ಣಿನ ಕಣಗಳು ಒಂದಕ್ಕೊಂದು ಜಾರಿ ಬಿಗಿಯಾಗಿ ಕೂಡಲು ಒಂದು ನಿರ್ದಿಷ್ಟ ತೇವ ಬೇಕು. ಕಡಿಮೆಯಾದರೂ ಕೂಡುವುದಿಲ್ಲ, ಹೆಚ್ಚಾದರೂ ಕೂಡುವುದಿಲ್ಲ. ಹೆಚ್ಚಾದಾಗ ರೋಲರಿನಡಿ ನೆಲ ರಬ್ಬರಿನಂತೆ ತೊನೆಯುತ್ತದೆ. ಮುಷ್ಟಿಯಲ್ಲಿ ಹಿಡಿದು ಅದುಮಿದಾಗ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು, ಎದೆಯ ಎತ್ತರದಿಂದ ಬಿಟ್ಟರೆ ಉಂಡೆ ಕೆಲವು ತುಂಡುಗಳಾಗಿ ಒಡೆಯಬೇಕು. ಪುಡಿಯಾದರೆ ಒಣಗಿದೆ, ಚಪ್ಪಟೆಯಾದರೆ ನೀರು ಹೆಚ್ಚಾಗಿದೆ.

ಏರಿಯ ಕೆಲಸ ನಡೆಯುವುದು ಬಹುಪಾಲು ಬೇಸಿಗೆಯಲ್ಲಿ, ಮಣ್ಣು ತೀರ ಒಣಗಿರುವಾಗ. ಎಷ್ಟು ನೀರು ಬೇಕೆಂದು ಒಮ್ಮೆ ಲೆಕ್ಕ ಹಾಕೋಣ. ದಮ್ಮಸು ಮಾಡಿದ ಒಂದು ಘನ ಮೀಟರ್ ಏರಿಯಲ್ಲಿ ಸುಮಾರು 1.6 ಟನ್ ಒಣಮಣ್ಣು ಇರುತ್ತದೆ. ಅದಕ್ಕೆ ಶೇ. 5ರಷ್ಟು ತೇವ ಸೇರಿಸಬೇಕಾದರೆ ಘನ ಮೀಟರಿಗೆ 80 ಲೀಟರ್ ಬೇಕು. ಮುಂದೆ ಹೇಳುವ ಉದಾಹರಣೆಯ 100 ಮೀಟರ್ ಉದ್ದ, 3 ಮೀಟರ್ ಎತ್ತರದ ಏರಿಯಲ್ಲಿ 2,775 ಘನ ಮೀಟರ್ ಮಣ್ಣಿದೆ. ಅದಕ್ಕೆ ಎರಡು ಲಕ್ಷ ಲೀಟರಿಗೂ ಮಿಗಿಲಾದ ನೀರು, ಎಂದರೆ 5,000 ಲೀಟರಿನ ಟ್ಯಾಂಕರ್ ಸುಮಾರು 44 ಸಲ ಬರಬೇಕು. ಆವಿಯಾಗಿ ಹೋಗುವುದು ಇದರಲ್ಲಿ ಸೇರಿಲ್ಲ. ಕುಡಿಯುವ ನೀರಿಗೇ ಟ್ಯಾಂಕರ್ ಹುಡುಕುವ ತಿಂಗಳಲ್ಲಿ ಈ ನೀರು ಎಲ್ಲಿಂದ ಬರುತ್ತದೆ, ಅಂದಾಜು ಪಟ್ಟಿಯಲ್ಲಿ ಅದರ ಬಾಬತ್ತು ಇದೆಯೇ ಎಂದು ಸದಸ್ಯರು ಕೆಲಸ ಆರಂಭವಾಗುವ ಮುನ್ನವೇ ಕೇಳಬೇಕು. ಉತ್ತರ ಸಿಗದಿದ್ದರೆ ಏರಿ ಒಣಮಣ್ಣಿನದಾಗುವುದೆಂದೇ ತಿಳಿಯಬಹುದು. ಹಿಂಗಾರು ಮುಗಿದ ಮೇಲೆ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ, ಎಂದರೆ ಡಿಸೆಂಬರ್–ಜನವರಿಯಲ್ಲಿ ಕೆಲಸ ಹಿಡಿದರೆ ಈ ಖರ್ಚಿನ ದೊಡ್ಡ ಭಾಗ ಉಳಿಯುತ್ತದೆ. ಆರ್ಥಿಕ ವರ್ಷದ ಕೊನೆಗೆ ಕಾಮಗಾರಿಗಳನ್ನು ನೂಕುವ ಅಭ್ಯಾಸಕ್ಕೆ ಏರಿಯಷ್ಟು ಬೆಲೆ ತೆರುವ ಕಾಮಗಾರಿ ಬೇರೊಂದಿಲ್ಲ.

ಪದರವು ತೆಳುವಾಗಿರಬೇಕು: ಸಡಿಲವಾಗಿ ಹಾಸಿದಾಗ 15ರಿಂದ 20 ಸೆಂ.ಮೀ., ಹೆಚ್ಚೆಂದರೆ ಒಂದು ಗೇಣು. ಹೆಂಟೆ ಒಡೆದು, ಬೇರು–ಕಲ್ಲು ಹೆಕ್ಕಿ, ನೀರು ಚಿಮುಕಿಸಿ, ರೋಲರ್ ಹಾಯಿಸಬೇಕು. ಮುಂದಿನ ಪದರ ಹಾಕುವ ಮುನ್ನ ಹಿಂದಿನದರ ಮೇಲ್ಮೈಯನ್ನು ಗೀರಿ ಒರಟು ಮಾಡದಿದ್ದರೆ ಎರಡು ಪದರಗಳು ಕೂಡುವುದಿಲ್ಲ. ಆ ಸಂದು ನೀರಿಗೆ ಹಾಸಿಕೊಟ್ಟ ಚಾಪೆಯಾಗುತ್ತದೆ. ಕೂಲಿಕಾರರಿಂದಲೇ ಮಾಡಿಸುವ ಕೆಲಸದಲ್ಲಿ ಪದರವು ಇನ್ನೂ ತೆಳುವಾಗಿರಬೇಕು. ಯಾವ ಯೋಜನೆಯಡಿ ಯಾವ ಯಂತ್ರಕ್ಕೆ ಅನುಮತಿಯಿದೆ ಎಂಬುದನ್ನು ಮಂಜೂರಾತಿಯ ಹಂತದಲ್ಲಿಯೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಗಟ್ಟಿತನವನ್ನು ಅಳೆಯಲು 10 ಸೆಂ.ಮೀ. ವ್ಯಾಸದ ಉಕ್ಕಿನ ಕೊಳವೆಯನ್ನು ಪದರದೊಳಕ್ಕೆ ಬಡಿದು ಮಾದರಿ ತೆಗೆಯುವ ಕೋರ್ ಕಟರ್ ಪರೀಕ್ಷೆಯಿದೆ. ಪ್ರಯೋಗಾಲಯದಲ್ಲಿ ಕಂಡ ಗರಿಷ್ಠ ಸಾಂದ್ರತೆಯ ಶೇ. 95ರಷ್ಟಾದರೂ ಸ್ಥಳದಲ್ಲಿ ಬರಬೇಕೆಂಬುದು ಸಾಮಾನ್ಯ ಅಪೇಕ್ಷೆ. ಈ ಪರೀಕ್ಷೆಯ ವರದಿಗಳನ್ನು ಬಿಲ್ಲಿನೊಂದಿಗೆ ಲಗತ್ತಿಸಬೇಕೆಂದು ಸದಸ್ಯರು ಕೇಳುವುದು ಸಂಪೂರ್ಣ ನ್ಯಾಯಸಮ್ಮತ.

ಎಷ್ಟೇ ಎಚ್ಚರದಿಂದ ಕಟ್ಟಿದರೂ ಏರಿ ಸ್ವಲ್ಪ ಕುಗ್ಗುತ್ತದೆ. ಯಂತ್ರದಿಂದ ಚೆನ್ನಾಗಿ ದಮ್ಮಸು ಮಾಡಿದ್ದರೆ ಎತ್ತರದ ಶೇ. 5ರಷ್ಟನ್ನೂ, ಕೈಕೆಲಸವಾದರೆ ಶೇ. 10ಕ್ಕೆ ಕಡಿಮೆಯಿಲ್ಲದಂತೆಯೂ ಹೆಚ್ಚಿಗೆ ಕಟ್ಟುವುದು ವಾಡಿಕೆ. ಕುಗ್ಗುವುದು ಹೆಚ್ಚು ಎತ್ತರವಿರುವ ಕಡೆ, ಎಂದರೆ ಹಳ್ಳದ ನಡುಭಾಗದಲ್ಲಿ ಹೆಚ್ಚು. ಹೀಗಾಗಿ ಹೊಸ ಏರಿಯ ತಲೆ ನೂಲು ಹಿಡಿದಂತೆ ಸಮವಾಗಿದ್ದರೆ ಎರಡು ವರ್ಷಗಳಲ್ಲಿ ನಡುವೆ ತಗ್ಗಾಗುತ್ತದೆ. ನಡುಭಾಗ ಕೊಂಚ ಉಬ್ಬಿದಂತೆ ಕಟ್ಟುವುದೇ ಸರಿ.

ಇಳಿಜಾರು

ತಲೆಯ ಅಗಲ 2.5 ಮೀಟರ್, ಎತ್ತರ 3 ಮೀಟರ್, ಒಳಮೈ ಇಳಿಜಾರು ಒಂದಕ್ಕೆ ಎರಡೂವರೆ, ಹೊರಮೈ ಒಂದಕ್ಕೆ ಎರಡು ಎಂದಿಟ್ಟುಕೊಂಡರೆ ಬುಡದ ಅಗಲ 16 ಮೀಟರ್ ಆಗುತ್ತದೆ. 100 ಮೀಟರ್ ಉದ್ದಕ್ಕೆ ಮೇಲೆ ಹೇಳಿದ 2,775 ಘನ ಮೀಟರ್ ಬರುವುದು ಹೀಗೆ. ಎರಡೂ ಕಡೆ ಒಂದಕ್ಕೆ ಒಂದೂವರೆ ಮಾಡಿದರೆ 2,100 ಘನ ಮೀಟರ್ ಸಾಕಾಗುತ್ತದೆ. ದೂರದಿಂದ ನೋಡುವವರಿಗೆ ಎರಡೂ ಏರಿಗಳು ಒಂದೇ ಎತ್ತರ, ಒಂದೇ ಉದ್ದ. ಬುಡದ ಅಗಲವನ್ನು ಟೇಪು ಹಿಡಿದು ಅಳೆದರೆ ಮಾತ್ರ 16 ಮೀಟರ್ ಎಲ್ಲಿ, 11.5 ಮೀಟರ್ ಎಲ್ಲಿ ಎಂಬುದು ತಿಳಿಯುತ್ತದೆ. ಕಡಿದಾದ ಒಳಮೈಯು ನೀರು ಬೇಗ ಇಳಿದಾಗ ಜರಿಯುತ್ತದೆ. ಎತ್ತರವನ್ನು 3ರಿಂದ 4 ಮೀಟರಿಗೆ ಏರಿಸಬೇಕೆಂಬ ಬೇಡಿಕೆ ಗ್ರಾಮಸಭೆಯಲ್ಲಿ ಬಂದರೆ ಇದೇ ಇಳಿಜಾರಿನಲ್ಲಿ ಮಣ್ಣು 4,600 ಘನ ಮೀಟರಿಗೆ ಏರುತ್ತದೆ ಎಂಬುದನ್ನೂ ನೆನಪಿಡಬೇಕು.

ಕೋಡಿ

ಹಣ ಸಾಲದಾದಾಗ ಕೋಡಿಯನ್ನು ಮುಂದಿನ ವರ್ಷಕ್ಕೆ ಬಿಡುವ ನಿರ್ಧಾರಗಳು ಆಗುತ್ತವೆ. ಕೋಡಿಯಿಲ್ಲದ ಏರಿಯನ್ನು ಕಟ್ಟುವುದಕ್ಕಿಂತ ಏರಿಯನ್ನೇ ಮುಂದಿನ ವರ್ಷಕ್ಕೆ ಬಿಡುವುದು ಮೇಲು.

50 ಹೆಕ್ಟೇರ್ ಜಲಾನಯನದ ಒಂದು ಕಟ್ಟೆಯನ್ನು ತೆಗೆದುಕೊಳ್ಳೋಣ. ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆ ಸುರಿದು ಅದರಲ್ಲಿ ಹತ್ತರಲ್ಲಿ ಮೂರು ಪಾಲು ಹರಿದು ಬಂದರೆ ಸೆಕೆಂಡಿಗೆ ಎರಡೂವರೆ ಘನ ಮೀಟರ್ ನೀರು ಬರುತ್ತದೆ. ಕೋಡಿಯ ಉದ್ದ 9 ಮೀಟರ್ ಇದ್ದರೆ ಈ ನೀರು ಕೋಡಿಯ ಮೇಲೆ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಹರಿದುಹೋಗುತ್ತದೆ. ಉಳಿತಾಯಕ್ಕೆಂದು 3 ಮೀಟರ್ ಮಾತ್ರ ಕಟ್ಟಿದ್ದರೆ ಅದೇ ನೀರು 62 ಸೆಂ.ಮೀ.ಗೆ ಏರುತ್ತದೆ. ಏರಿಯ ತಲೆ ಕೋಡಿಗಿಂತ 60 ಸೆಂ.ಮೀ. ಮಾತ್ರ ಎತ್ತರವಿದ್ದರೆ ಆ ರಾತ್ರಿ ಏರಿ ಉಳಿಯುವುದಿಲ್ಲ. ಕೋಡಿಯು ಗಟ್ಟಿ ನೆಲದಲ್ಲಿ, ಸಾಧ್ಯವಾದಷ್ಟು ಏರಿಯ ಅಂಚಿನಾಚೆ ಇರಬೇಕು. ಹೊರಬಿದ್ದ ನೀರು ಏರಿಯ ಪಾದವನ್ನು ಕೊರೆಯದಂತೆ ಹಳ್ಳ ಸೇರಬೇಕು.

ಕಟ್ಟಿದ ಕೋಡಿಯನ್ನು ಕಾಯುವುದೂ ಅಷ್ಟೇ ಕಷ್ಟ. ಇನ್ನಷ್ಟು ನೀರು ನಿಲ್ಲಲಿ ಎಂದು ಮರಳು ಚೀಲ ಜೋಡಿಸುವವರಿದ್ದಾರೆ. ಮೀನು ಹೋಗದಿರಲೆಂದು ಗುತ್ತಿಗೆದಾರರು ಕಟ್ಟುವ ಬಲೆಗೆ ಜೊಂಡು, ಕಸ ಸಿಕ್ಕಿಕೊಂಡು ಅದು ಗೋಡೆಯೇ ಆಗುತ್ತದೆ. ಮೀನುಗಾರಿಕೆ ಹರಾಜಿನ ಷರತ್ತುಗಳಲ್ಲಿ ಈ ವಿಷಯವನ್ನು ಸೇರಿಸುವುದು ಒಂದು ಸಾಲಿನ ಕೆಲಸ.

ತೂಬು, ಕೊಳವೆ, ಗಿಡಮರ

ಏರಿಯನ್ನು ಅಡ್ಡಹಾಯುವ ಯಾವುದೇ ಕೊಳವೆಯ ಹೊರಮೈಯೂ ಮಣ್ಣೂ ಕೂಡುವಲ್ಲಿ ನೀರು ನುಸುಳುತ್ತದೆ. ತೂಬಿನ ಕೊಳವೆಯ ಸುತ್ತ ಮಣ್ಣನ್ನು ಕೈಯಿಂದಲೇ, ತೆಳು ಪದರಗಳಲ್ಲಿ ದಮ್ಮಸು ಮಾಡಬೇಕು. ಹೆಚ್ಚು ಅಪಾಯಕಾರಿಯಾದುದು ಕಟ್ಟಿ ಮುಗಿದ ಏರಿಯನ್ನು ನೀರಿನ ಪೈಪ್ ಅಥವಾ ಕೇಬಲ್‌ಗಾಗಿ ಜೆಸಿಬಿಯಿಂದ ಸೀಳಿ, ಸಂಜೆಗೆ ಅದೇ ಮಣ್ಣನ್ನು ಮೇಲೆ ತಳ್ಳಿ ಹೋಗುವುದು. ಪಂಚಾಯತಿಯ ಲಿಖಿತ ಒಪ್ಪಿಗೆಯಿಲ್ಲದೆ ಏರಿಯನ್ನು ಕಡಿಯಲು ಯಾರಿಗೂ ಬಿಡಬಾರದು.

ಏರಿಯ ಮೇಲೆ ಗರಿಕೆ, ಲಾವಂಚ ಇರಲಿ, ಮರ ಬೇಡ. ಮರ ಸತ್ತ ಮೇಲೆ ಬೇರು ಕೊಳೆತು ಏರಿಯೊಳಗೆ ಕೊಳವೆಯಂಥ ಪೊಳ್ಳು ಉಳಿಯುತ್ತದೆ. ವನಮಹೋತ್ಸವದ ಸಸಿಗಳಿಗೆ ಕೆರೆಯಂಗಳದ ಮೇಲಂಚು ಒಳ್ಳೆಯ ಜಾಗ.

ಮೊದಲ ವರ್ಷ

ಹೊಸ ಏರಿಯ ನಿಜವಾದ ಪರೀಕ್ಷೆ ಕೆರೆ ಮೊದಲ ಸಲ ತುಂಬಿದಾಗ. ಆ ದಿನಗಳಲ್ಲಿ ನೀರುಗಂಟಿಯೋ ಹತ್ತಿರದ ರೈತರೋ ಪ್ರತಿದಿನ ಹೊರಮೈ ಪಾದದ ಉದ್ದಕ್ಕೂ ನಡೆದು ನೋಡುವ ಏರ್ಪಾಡನ್ನು ಪಂಚಾಯತಿ ಮಾಡಬೇಕು. ತಿಳಿನೀರು ಸ್ವಲ್ಪ ಜಿನುಗುವುದು ಸಹಜ. ಅದರ ಪ್ರಮಾಣ ಹೆಚ್ಚುತ್ತಿದೆಯೇ ಎಂದು ಗಮನಿಸಿದರೆ ಸಾಕು. ಜಿನುಗುವ ನೀರು ಕೆಂಪಗೆ ಅಥವಾ ರಾಡಿಯಾಗಿ ಬರತೊಡಗಿದರೆ ಏರಿಯ ಮಣ್ಣು ಹೊರಡುತ್ತಿದೆ ಎಂದರ್ಥ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟೆ ಒಡೆದು ಮನೆಗಳು ಕೊಚ್ಚಿಹೋಗಿ ಜೀವಹಾನಿಯಾಯಿತು; ಅದು ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರೆಂದು ಆಗ ವರದಿಯಾಗಿತ್ತು.

ರಾಡಿನೀರು ಕಂಡಾಗ ಹೊರಬರುವ ಬಾಯಿಯನ್ನು ಜೇಡಿಯಿಂದ ಮೆತ್ತಿ ಮುಚ್ಚಬಾರದು. ನೀರು ಒಳಗೇ ಒತ್ತಡ ಕಟ್ಟಿಕೊಂಡು ಮತ್ತೊಂದೆಡೆ ಇನ್ನೂ ಜೋರಾಗಿ ಒಡೆಯುತ್ತದೆ. ಅದರ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ ಹಾಸಿದರೆ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ತೂಬನ್ನು ಪೂರ್ತಿ ತೆರೆದು ಕೆರೆಯ ಮಟ್ಟವನ್ನು ನಿಧಾನವಾಗಿ ಇಳಿಸಬೇಕು, ಅಭಿಯಂತರರಿಗೂ ತಹಶೀಲ್ದಾರರಿಗೂ ತಕ್ಷಣ ತಿಳಿಸಬೇಕು. ಇದು ರಾತ್ರಿಯ ವೇಳೆಯಾಗಿದ್ದರೆ, ಏರಿಯ ಕೆಳಗಿನ ಮನೆಗಳವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳುಹಿಸಿದ ನಂತರವೇ ಮರಳು–ಜಲ್ಲಿಯ ಕೆಲಸಕ್ಕೆ ಕೈಹಾಕತಕ್ಕದ್ದು.